ಸಾವಿರ ದ್ವೀಪಗಳ ಊರಿನಲ್ಲಿ ಮಗಳ ದಾರಿ ಕಾದದ್ದು

ಮೇಲವಂಕಿಯಿಂದ

ಮೇಲವಂಕಿಯಿಂದ ಚೀನಾಕ್ಕೆ ಹೋಗಬೇಕೆಂದರೆ ಮೊದಲು ಗೋಕಾಕಕ್ಕೆ ಹೋಗಬೇಕು. ನಮ್ಮ ಮನೆಯವರಾದ ಲಕ್ಕಪ್ಪನವರ ಪ್ರಕಾರ ಇಡೀ ಪ್ರಯಾಣದಲ್ಲಿ ಕಷ್ಟದ ಹಾದಿ ಅದೊಂದೇ. ಬೆಳಗಿನ ಬಸ್ಸಿನಲ್ಲಿ ಕಾಲೇಜು ಹುಡುಗರು ಕಿಕ್ಕಿರಿದಿದ್ದರು. ನಮ್ಮ ಸೂಟ್‌ಕೇಸುಗಳನ್ನು ನೋಡಿದ ಕಂಡಕ್ಟರ್, "ಅಕ್ಕೋರ, ಎಲ್ಲಿಗ್ರಿ ಇಷ್ಟು ಸಾಮಾನು?" ಎಂದ. ನಾನು ಬಾಯಿ ತೆರೆಯುವ ಮೊದಲೇ ಇವರು, "ಚೀನಾಕ್ಕ" ಎಂದರು. ಕಂಡಕ್ಟರ್ ನಕ್ಕು ಗೋಕಾಕದ ಎರಡು ಟಿಕೀಟು ಕೊಟ್ಟ.

ನಾನು ಗೋಕಾಕದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಇವರದು ಹೊಲ, ಒಂದಿಷ್ಟು ಕುರಿ. ನಮಗಿರುವುದು ಒಬ್ಬಳೇ ಮಗಳು, ಮಾಯವ್ವ. ಎಂಟನೆಯ ಇಯತ್ತೆಯಲ್ಲಿ ಸರಕಾರ ಕೊಟ್ಟ ಸೈಕಲ್ಲು ಹತ್ತಿದವಳು ಇನ್ನೂ ಇಳಿದಿಲ್ಲ. ಗೋಕಾಕದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ದಸ್ತಗೀರ ಭಾಯಿ ಒಮ್ಮೆ ಆಕೆ ಬಸ್ಸಿನ ಬೆನ್ನು ಹತ್ತಿ ಬರುವುದನ್ನು ನೋಡಿ, ನನ್ನ ಶಾಲೆಗೇ ಬಂದಿದ್ದರು. "ಅಕ್ಕೋರ, ಈ ಹುಡುಗೀನ ಸಾಲ್ಯಾಗ ಕುಂಡ್ರಸಬ್ಯಾಡ್ರಿ. ಸ್ಪೋರ್ಟ್ಸ್ ಹಾಸ್ಟೆಲ್ಲಿಗೆ ಕಳಸ್ರಿ. ಆಕಿ ಕಾಲಾಗ ಏನೋ ಐತಿ" ಎಂದರು. ಕಳಿಸಿದೆವು. ಮೊದಲ ಕೆಲವು ವರ್ಷ ಪಂಚಮಿಗೆ, ದೀಪಾವಳಿಗೆ ಬಂದಳು. ಆಮೇಲೆ ಶಿಬಿರ, ಸ್ಪರ್ಧೆ, ಮತ್ತೆ ಶಿಬಿರ. ಮಗಳು ಫೋನಿನ ಧ್ವನಿಯಾಗಿ ಉಳಿದಳು. ಈ ಸಲ ಏಷ್ಯಾ ಕ್ರೀಡಾಕೂಟದ ಸೈಕಲ್ ತಂಡದಲ್ಲಿ ಆಕೆಯ ಹೆಸರು ಬಂದಾಗ ಊರಲ್ಲಿ ಪೇಢೆ ಹಂಚಿದರು. ಇವರು ಮಾತ್ರ ಕುರಿ ಹಟ್ಟಿಗೆ ಹೋಗಿ ಬಹಳ ಹೊತ್ತು ಅಲ್ಲೇ ಇದ್ದರು.

ಬಸ್ಸು ಗೋಕಾಕ ಮುಟ್ಟುವ ಹೊತ್ತಿಗೆ ಇವರು ಕಿಟಕಿಯತ್ತಲೇ ಮುಖ ಮಾಡಿ ಹೇಳಿದರು:

"ಶಾಂತಾ, ಈ ಸಲ ನಾ ಹೇಳೇ ಬಿಡಾಂವ. ಸಾಕು, ಮನಿಗೆ ಬಾ ಅಂತ."

"ಯಾಕ್ರಿ? ಯಾರರ ಮದುವಿ ಮಾತು ತಂದಾರೇನು?"

"ಮದುವಿ ಏನ್ ಮಾಡೂದೈತಿ. ನಮ್ಮ ಕಣ್ಣಮುಂದ ಇರ್ಲಿ, ಅಷ್ಟ."

ನಾನು ಬೇಡ ಎನ್ನಲಿಲ್ಲ. ನನ್ನ ಎದೆಯೊಳಗೂ ಅದೇ ಮಾತಿತ್ತು. ಅದನ್ನು ಅವರು ಹೇಳಲಿ ಎಂದು ನಾನು ಸುಮ್ಮನಿದ್ದೆ.

ಹಾಂಗ್‌ಝೌ

ಕೂಟ ನಡೆಯುವ ಮುಖ್ಯ ಪಟ್ಟಣ ಹಾಂಗ್‌ಝೌ. ವಿಮಾನದಿಂದ ಇಳಿದು ಹೊರಗೆ ಬಂದರೆ ಮೊದಲು ಎದುರುಗೊಂಡದ್ದು ವಾಸನೆ. ಬೀದಿಯುದ್ದಕ್ಕೂ ಗಿಡಗಳಲ್ಲಿ ಎಲೆಯ ಸಂದಿಗೆ ಅಂಟಿದಂತೆ ಸಾಸಿವೆಯಷ್ಟೇ ಸಣ್ಣ ಹಳದಿ ಹೂ. ಮೂಡಲಗಿ ಕಡೆ ಬೆಲ್ಲದ ಗಾಣದ ಮುಂದೆ ಹಾದುಹೋಗುವಾಗ ಗಾಳಿ ಸಿಹಿಯಾಗುತ್ತದಲ್ಲ, ಹಾಗೆ ಇಡೀ ಪಟ್ಟಣವೇ ಸಿಹಿಯಾಗಿತ್ತು. ಇವರು ಮೂಗೆತ್ತಿ, "ಎಲ್ಲೋ ಕೊಪ್ಪರಿಗಿ ಇಳಿಸ್ಯಾರ" ಎಂದರು.

ಪಟ್ಟಣ ತನ್ನನ್ನು ತೊಳೆದು, ಒರೆಸಿ, ಸಿಂಗರಿಸಿಕೊಂಡಿತ್ತು. ಮೂಲೆಮೂಲೆಗೂ ಒಂದೇ ಬಣ್ಣದ ಅಂಗಿ ತೊಟ್ಟ ಕಾಲೇಜು ಮಕ್ಕಳು ನಿಂತು, ಕೇಳುವ ಮೊದಲೇ ದಾರಿ ಹೇಳುತ್ತಿದ್ದರು. ನಮ್ಮಲ್ಲಿ ಬೀಗರು ಬರುವ ದಿನ ಹೆಣ್ಣಿನ ಮನೆಯವರು ಹೀಗೆಯೇ ಬಾಗಿಲಲ್ಲಿ ನಿಂತಿರುತ್ತಾರೆ. ಬಂದವರಿಗೆ ನೀರು ಸಿಕ್ಕಿತೋ, ಕೂಡ್ರಲು ಜಾಗ ಸಿಕ್ಕಿತೋ ಎಂಬ ಅದೇ ಗಾಬರಿ ಆ ಮಕ್ಕಳ ಮುಖದಲ್ಲಿತ್ತು.

ಇವರು ಧೋತರ ಉಟ್ಟು ತಲೆಗೆ ಕೆಂಪು ಪಟಗಾ ಸುತ್ತಿದ್ದರು. ಪ್ಯಾಂಟು ಹಾಕಿಕೊಳ್ಳಿ ಎಂದು ನಾನು ಎಷ್ಟೋ ಬೇಡಿಕೊಂಡಿದ್ದೆ, ಕೇಳಿರಲಿಲ್ಲ. ಅದರ ಫಲವಾಗಿ ನಾಲ್ಕು ಹೆಜ್ಜೆಗೊಬ್ಬರು ಅವರನ್ನು ನಿಲ್ಲಿಸಿ ಫೋಟೋ ತೆಗೆಸಿಕೊಂಡರು. ಯಾವುದೋ ದೇಶದ ದೊಡ್ಡ ಮನುಷ್ಯ ಎಂದುಕೊಂಡಿರಬೇಕು. ಆ ಗೌರವ ಮೆಟ್ರೋ ನಿಲ್ದಾಣದ ತಪಾಸಣೆಯವರೆಗೆ ಮಾತ್ರ. ಅಲ್ಲಿ ಯಂತ್ರದೊಳಗೆ ಹೋದ ಎಲೆಯಡಿಕೆ ಚೀಲ ಹೊರಗೆ ಬರಲಿಲ್ಲ. ಹುಡುಗ ಪೊಲೀಸನೊಬ್ಬ ಅಡಕೊತ್ತನ್ನು ಎತ್ತಿ ಹಿಡಿದು, ತೆರೆದು, ಮುಚ್ಚಿ, ನನ್ನ ಮುಖ ನೋಡಿದ. ನಾನು ಅಡಿಕೆ ಹೋಳು ಮಾಡಿದಂತೆ, ಬಾಯಿಗೆ ಹಾಕಿಕೊಂಡಂತೆ ಅಭಿನಯಿಸಿದೆ. ಆತ ಇನ್ನೊಬ್ಬರನ್ನು ಕರೆದ. ಅವರಿಗೂ ಅಭಿನಯಿಸಿದೆ. ಇಬ್ಬರೂ ತಲೆಬಾಗಿ ನಕ್ಕು, ಬಹಳ ಮರ್ಯಾದೆಯಿಂದ ಅಡಕೊತ್ತನ್ನು ಪೆಟ್ಟಿಗೆಯೊಳಗೆ ಹಾಕಿಕೊಂಡರು.

"ಆತು. ಇನ್ನ ಹಲ್ಲಿಲೇ ಕಡಿಯೂದು" ಎಂದರು ಇವರು.

ನೀರಡಿಸಿ ಎಲ್ಲಿ ಕೇಳಿದರೂ ಬಿಸಿನೀರು ಕೊಡುತ್ತಿದ್ದರು. ಗಡಿಗೆಯ ತಣ್ಣನೆಯ ನೀರಿಗೆ ನಾನು ಆ ಮೊದಲ ದಿನವೇ ಹಂಬಲಿಸಿದೆ. ಊರು ಬಿಟ್ಟು ಬಂದದ್ದು ನನಗೆ ಅರಿವಾದದ್ದು ವಿಮಾನದಲ್ಲಲ್ಲ, ಆ ಬಿಸಿನೀರಿನ ಲೋಟ ಹಿಡಿದಾಗ.

ಫಾಂಗ್ ಅವರ ಮನೆ

ಸೈಕಲ್ ಸ್ಪರ್ಧೆ ಪಟ್ಟಣದಲ್ಲಿರಲಿಲ್ಲ. ಅಲ್ಲಿಂದ ಬಹುದೂರ, ಗುಡ್ಡಗಳ ನಡುವೆ ದೊಡ್ಡ ಸರೋವರದ ದಂಡೆಯಲ್ಲಿತ್ತು. ನೀರಿನ ತುಂಬ ಸಣ್ಣ ಸಣ್ಣ ನಡುಗಡ್ಡೆಗಳು. ಸಾವಿರ ದ್ವೀಪಗಳ ಸರೋವರ ಎಂದೇ ಅದರ ಹೆಸರು. ನಾವು ಇಳಿದುಕೊಂಡದ್ದು ಫಾಂಗ್ ಎಂಬ ಹೆಂಗಸು ನಡೆಸುವ ಸಣ್ಣ ವಸತಿಮನೆಯಲ್ಲಿ. ನನಗಿಂತ ಕೆಲವು ವರ್ಷ ಚಿಕ್ಕವರು, ಗುಂಡು ಮುಖ, ಒಂದು ಕಡೆ ಕೂತು ಗೊತ್ತಿಲ್ಲದ ಜೀವ. ಜೊತೆಗೆ ಅವರ ಮುದಿ ತಾಯಿ.

ನಮ್ಮ ನಡುವೆ ಭಾಷೆಯೇ ಇರಲಿಲ್ಲ. ಫಾಂಗ್ ಅವರ ಫೋನಿನಲ್ಲಿ ಮಾತು ಬದಲಿಸುವ ಯಂತ್ರವೊಂದಿತ್ತು. ಅದಕ್ಕೆ ಕನ್ನಡ ಬಾರದು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಬೇಕು, ಅದು ಚೀನಿಯಲ್ಲಿ ಉಲಿಯಬೇಕು. "ನಮ್ಮ ಮಗಳು ಸವಾರಿ ಮಾಡುತ್ತಾಳೆ, ನೋಡಲು ಬಂದಿದ್ದೇವೆ" ಎಂದೆ. ಫಾಂಗ್ ಕಣ್ಣರಳಿಸಿದರು, ಗಾಬರಿಯಾದರು, ನಮ್ಮ ಸೂಟ್‌ಕೇಸನ್ನು ಮತ್ತೆ ಹೊರಗೆ ಎಳೆದರು! ಯಾವುದೋ ಬಸ್ಸಿನ ಚಿತ್ರ ತೋರಿಸಿ, ಹೋಗಿ, ಬೇಗ ಹೋಗಿ ಎಂದು ಕೈ ಬೀಸಿದರು. ನಾವು ಕಕ್ಕಾಬಿಕ್ಕಿ. ಆಮೇಲೆ ಅವರು ಎರಡು ಕೈಯಲ್ಲಿ ಲಗಾಮು ಹಿಡಿದಂತೆ ಮಾಡಿ ಕುಣಿದಾಗ ತಿಳಿಯಿತು, ಯಂತ್ರ ನಮ್ಮ ಮಗಳನ್ನು ಕುದುರೆ ಹತ್ತಿಸಿತ್ತು. ಕುದುರೆ ಸ್ಪರ್ಧೆ ಬೇರೆ ಊರಿನಲ್ಲಿತ್ತು. ಇವರು ಬೆರಳನ್ನು ಚಹಾದಲ್ಲಿ ಅದ್ದಿ ಮೇಜಿನ ಮೇಲೆ ಎರಡು ವೃತ್ತ ಬರೆದು, ನಡುವೆ ಗೆರೆ ಎಳೆದರು. ಫಾಂಗ್ ಎದೆಯ ಮೇಲೆ ಕೈಯಿಟ್ಟುಕೊಂಡು ಕುರ್ಚಿಗೆ ಕುಸಿದು ನಕ್ಕರು. ಅಂದಿನಿಂದ ಆ ಮನೆಯಲ್ಲಿ ನಾವು ಅತಿಥಿಗಳಲ್ಲ, ಸಂಬಂಧಿಕರು.

ಸ್ಪರ್ಧೆಯ ರಸ್ತೆ ಅವರ ಬಾಗಿಲ ಮುಂದೆಯೇ ತಿರುಗುತ್ತಿತ್ತು. ಮಗಳು ಸರೋವರದ ಆಚೆ ಬದಿ, ಆಟಗಾರರ ಬಿಡಾರದಲ್ಲಿ. ಕಿಟಕಿಯಿಂದ ಆ ಕಟ್ಟಡಗಳ ದೀಪ ಕಾಣುತ್ತಿತ್ತು. ಒಳಗೆ ಯಾರನ್ನೂ ಬಿಡುವುದಿಲ್ಲ.

"ಅವ್ವಾ, ರೇಸ್ ಮುಗಿದ್ಮ್ಯಾಲ ಒಂದ್ ತಾಸು ಭೆಟ್ಟಿ ಆಗಾಕ ಕೊಡ್ತಾರಂತ" ಎಂದಳು ಮಾಯವ್ವ ಫೋನಿನಲ್ಲಿ. "ತಿರುವಿನ್ಯಾಗ ನಿಂದರ್ರಿ. ಅಪ್ಪನ ಪಟಗಾ ನಂಗ ಕಾಣತೈತಿ."

"ಏನ್ ಉಂಡಿ ಇವತ್ತ?"

"ಉಂಡೇನಿ ಅವ್ವಾ. ಇಡತೇನಿ, ಮೀಟಿಂಗ್ ಐತಿ."

ಮೇಲವಂಕಿಯಲ್ಲಿದ್ದಾಗಲೂ ನಮ್ಮ ಮಾತು ಇಷ್ಟೇ ಇರುತ್ತಿತ್ತು. ಇಷ್ಟು ದೂರ ಬಂದರೂ ಒಂದು ಮಾತು ಹೆಚ್ಚಾಗಲಿಲ್ಲ. ಆಗ ದೂರವಿದ್ದಾಳೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಲ್ಲಿ ದೀಪ ಕಾಣುತ್ತಿದ್ದುದರಿಂದ ಆ ಸಮಾಧಾನವೂ ಹೋಯಿತು.

ಹುಣ್ಣಿಮೆಯ ಊಟ

ಅದೇ ವಾರ ಅವರ ದೊಡ್ಡ ಹಬ್ಬ. ಹುಣ್ಣಿಮೆಯ ಸಂಜೆ ಮನೆಯವರೆಲ್ಲ ಒಂದೇ ಮೇಜಿಗೆ ಕೂತು ಉಣ್ಣಬೇಕು, ಚಂದ್ರನಂತೆ ಗುಂಡಗಿರುವ ಸಿಹಿ ಕಡುಬನ್ನು ಹೋಳು ಮಾಡಿ ಹಂಚಿಕೊಳ್ಳಬೇಕು. ಫಾಂಗ್ ನಮ್ಮಿಬ್ಬರನ್ನೂ ಕೈ ಹಿಡಿದು ಕೂಡ್ರಿಸಿದರು. ಇವರು ಕಡ್ಡಿಗಳಲ್ಲಿ ಕಾಳು ಹಿಡಿಯಲು ಹೆಣಗಾಡುವುದನ್ನು ನೋಡಿ, ಮುದುಕಿ ಒಂದು ಚಮಚ ತಂದುಕೊಟ್ಟು ಇವರ ಬೆನ್ನು ತಟ್ಟಿದಳು. ನಾನು ಊರಿಂದ ತಂದಿದ್ದ ಕರದಂಟು ಕೊಟ್ಟೆ. ಹಲ್ಲಿಲ್ಲದ ಮುದುಕಿ ಅದನ್ನು ಬಾಯಲ್ಲಿಟ್ಟುಕೊಂಡು ಊಟ ಮುಗಿಯುವವರೆಗೂ ಚೀಪುತ್ತಿದ್ದಳು.

ಊಟದ ನಂತರ ಆಕೆ ನನ್ನನ್ನು ಅಂಗಳಕ್ಕೆ ಕರೆದೊಯ್ದು ಸರೋವರದ ನಡುವೆ ಬೆರಳು ಮಾಡಿ ಏನೋ ಹೇಳಿದಳು. ಬೆರಳು ಯಾವ ದ್ವೀಪದ ಮೇಲೂ ಇರಲಿಲ್ಲ, ಬರಿಯ ನೀರಿನ ಮೇಲಿತ್ತು. ಫಾಂಗ್ ಯಂತ್ರ ಹಿಡಿದರು. ಅದು ಹೇಳಿತು: ತಾಯಿಯ ಮನೆ ಅಲ್ಲಿದೆ. ಕೆಳಗೆ.

ಈ ಸರೋವರ ಅಣೆಕಟ್ಟಿನದು. ಮುದುಕಿ ಹುಡುಗಿಯಾಗಿದ್ದಾಗ ನೀರು ಬಂದು ಊರಿಗೆ ಊರೇ ಮುಳುಗಿತ್ತು. ಯಂತ್ರಕ್ಕೆ ಹೇಳುವಷ್ಟು ಇಂಗ್ಲಿಷು ನನಗೆ ಆಗ ಹೊಳೆಯಲಿಲ್ಲ. ನನ್ನ ಅವ್ವನ ತವರೂ ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಹುಕ್ಕೇರಿ ಕಡೆ ಹೋಗುವಾಗೆಲ್ಲ ಅವ್ವ ಬಸ್ಸಿನ ಕಿಟಕಿಯಿಂದ ಇದೇ ರೀತಿ ಬರಿಯ ನೀರಿಗೆ ಬೆರಳು ಮಾಡಿ, "ಅಲ್ಲೇ ನೋಡ ನಮ್ಮ ಪಡಸಾಲಿ" ಎನ್ನುತ್ತಿದ್ದಳು. ನನಗೆ ನೀರಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ನಾನು ಮುದುಕಿಯ ಕೈ ಹಿಡಿದು, ನೀರು ತೋರಿಸಿ, "ನಮ್ಮವ್ವಂದೂ" ಎಂದು ಕನ್ನಡದಲ್ಲೇ ಹೇಳಿದೆ. ಆಕೆಗೆ ಏನು ತಿಳಿಯಿತೋ, ತಲೆಯಾಡಿಸಿದಳು. ಚಂದ್ರ ಮೇಲೆ ಬರುವವರೆಗೂ ನಾವು ಅಲ್ಲೇ ನಿಂತಿದ್ದೆವು.

ತಿರುವಿನಲ್ಲಿ

ಓಟದ ದಿನ ಬೀದಿಗೆ ಬೀದಿಯೇ ಹೊರಗೆ ಬಂದಿತ್ತು. ಯಾವ ಮನೆಯ ಮಾಳಿಗೆಯ ಮೇಲೂ ಒಣಗಲು ಹಾಕಿದ ಬಟ್ಟೆಯಿರಲಿಲ್ಲ. ಬದಲಿಗೆ ಕುಂಡಗಳಲ್ಲಿ ಹೂ. ಫಾಂಗ್ ನಮಗಾಗಿ ಬೇಲಿಯ ಪಕ್ಕದಲ್ಲೇ ಸ್ಟೂಲು ಹಾಕಿಸಿ, ಎಲ್ಲಿಂದಲೋ ನಮ್ಮ ಬಾವುಟ ತಂದು ಇವರ ಕೈಗೆ ಕೊಟ್ಟಿದ್ದರು. ಅಕ್ಕಪಕ್ಕದವರೆಲ್ಲ ನಮ್ಮನ್ನು ತೋರಿಸಿ, ಇವರ ಮಗಳು ಬರುತ್ತಾಳೆ ಎಂದು ಹೇಳಿಕೊಳ್ಳುತ್ತಿದ್ದುದು ಅವರ ಮುಖದಿಂದಲೇ ತಿಳಿಯುತ್ತಿತ್ತು.

ಮೊದಲು ಮೋಟಾರ್ ಸೈಕಲ್ಲುಗಳು ಬಂದವು. ಆಮೇಲೆ ಜೇನುಹಿಂಡು ಎದ್ದಂಥ ಒಂದು ಗುಂಯ್ ಸಪ್ಪಳ. ನೋಡನೋಡುತ್ತಲೇ ಬಣ್ಣದ ಮೊತ್ತವೊಂದು ತಿರುವಿನಲ್ಲಿ ವಾಲಿ, ಮುಖಕ್ಕೆ ಗಾಳಿ ಹೊಡೆದು ಹೋಗಿಬಿಟ್ಟಿತು. ಎಲ್ಲರ ತಲೆಗೂ ಹೆಲ್ಮೆಟ್ಟು, ಎಲ್ಲರ ಕಣ್ಣಿಗೂ ಕಪ್ಪು ಕನ್ನಡಕ.

"ಕಂಡ್ಲೇನ್ರಿ?"

"ಇಲ್ಲ. ನಿನಗ?"

ಬೇರೆಯವರ ಹಿಂಡಿನಲ್ಲಿ ಬೆರೆತ ತಮ್ಮ ಕುರಿಯನ್ನು ಮುಸ್ಸಂಜೆಯಲ್ಲೂ ಗುರುತಿಸುವ ಮನುಷ್ಯ ಇವರು. ಹೆತ್ತ ಮಗಳು ಕೈಯಳತೆಯಲ್ಲಿ ಹಾದುಹೋದದ್ದು ಗೊತ್ತಾಗಲಿಲ್ಲ. ಬಾವುಟ ಹಿಡಿದ ಕೈ ಕೆಳಗಿಳಿಯಿತು.

ಎರಡನೆಯ ಸುತ್ತಿಗೆ ಇವರು ಸ್ಟೂಲಿನ ಮೇಲೆ ಹತ್ತಿ ನಿಂತರು. ಗುಂಪು ಬಂತು, ಹೋಯಿತು. "ಕಂಡ್ಲು!" ಎಂದು ಕೂಗಿದರು. "ಮೊಣಕೈ ಹೊರಗ ಮಾಡಿ ಓಡಸಾಕತ್ತಾಳ ನೋಡ, ಸಣ್ಣಾಕಿದ್ದಾಗಿನಂಗ!" ಮೂರನೆಯ ಸುತ್ತಿನಲ್ಲಿ ನನಗೂ ಕಂಡಳು. ತಿರುವಿನಲ್ಲಿ ಒಂದೇ ಒಂದು ಕ್ಷಣ ಆಕೆಯ ಮುಖ ಕೆಂಪು ಪಟಗದತ್ತ ಹೊರಳಿತು. ಹಲ್ಲು ಕಂಡಿತು. ನಕ್ಕಳೋ, ಏದುಸಿರು ಬಿಟ್ಟಳೋ ನಾನರಿಯೆ, ನಕ್ಕಳೆಂದೇ ಇಟ್ಟುಕೊಂಡಿದ್ದೇನೆ.

ನಾಲ್ಕನೆಯ ಸುತ್ತಿನಲ್ಲಿ ಗುಂಪು ಹರಿದಿತ್ತು. ಮುಂದಿನವರು ಹೋದರು, ಹಿಂದಿನವರು ಹೋದರು, ಒಂಟಿಯಾಗಿ ತೇಕುತ್ತ ಒಬ್ಬಳು ಹೋದಳು. ಮಾಯವ್ವ ಬರಲಿಲ್ಲ. ರಸ್ತೆ ಬರಿದಾಯಿತು. ಯಾರನ್ನು ಕೇಳುವುದು, ಯಾವ ಮಾತಿನಲ್ಲಿ ಕೇಳುವುದು? ಆಗ ನನ್ನ ಫೋನು ಬಡಿದುಕೊಂಡಿತು. ಗೋಕಾಕದಿಂದ ದಸ್ತಗೀರ ಭಾಯಿ. ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಓಟ ನೋಡುತ್ತಿದ್ದರು.

"ಅಕ್ಕೋರ, ಹೆದರಬ್ಯಾಡ್ರಿ. ಹುಡುಗಿ ಬಿದ್ದಾಳ್ರಿ."

"ಎಲ್ಲಿ? ಎಲ್ಲಿ ಬಿದ್ಲು?"

"ಇಳುಕಲಿನ್ಯಾಗ್ರಿ. ಮುಂದಿನಾಕಿ ಜಾರಿದ್ಲು, ಈಕಿ ಆಕಿ ಮ್ಯಾಲ ಹೋದ್ಲು. ಎದ್ದು ಕುಂತಾಳ್ರಿ, ನಾ ನೋಡಾಕತ್ತೇನಿ. ಭುಜ ಹಿಡಕೊಂಡಾಳ... ಈಗ ಗಾಡ್ಯಾಗ ಹಾಕ್ಯಾರ್ರಿ. ನೀವು ಹೋಗ್ರಿ, ಲಗೂನ ಹೋಗ್ರಿ."

ಗುಡ್ಡದ ಆಚೆ ಮಗ್ಗುಲಿಗೇ ಬಿದ್ದಿದ್ದಳು ಮಗಳು. ಸುದ್ದಿ ಗೋಕಾಕದಿಂದ ಬಂತು.

ನನ್ನ ಮುಖ ನೋಡಿದ ಫಾಂಗ್‌ಗೆ ಯಂತ್ರ ಬೇಕಾಗಲಿಲ್ಲ. ಬೇಲಿ ಹಾರಿ ಕಾವಲಿನವರ ಹತ್ತಿರ ಓಡಿದರು, ಅವರೊಂದಿಗೆ ಜಗಳಕ್ಕೆ ನಿಂತಂತೆ ಮಾತಾಡಿದರು, ತಮ್ಮ ಸಣ್ಣ ಕಾರಿಗೆ ನಮ್ಮನ್ನು ತುರುಕಿದರು. ಅವರು ಬರಿಗಾಲಲ್ಲೇ ಕಾರು ಓಡಿಸಿದ್ದರೆಂದು ನಾನು ಗಮನಿಸಿದ್ದು ಆಸ್ಪತ್ರೆಯಲ್ಲಿ ಇಳಿದ ಮೇಲೆ.

ಆಸ್ಪತ್ರೆ

ಕೊರಳ ಕೆಳಗಿನ ಎಲುಬು ಮುರಿದಿತ್ತು. ಗದ್ದಕ್ಕೆ ಹೊಲಿಗೆ. ಬಲಮಗ್ಗುಲು ಪೂರ್ತಿ ತರಚಿತ್ತು. ಕಣ್ಣು ಮುಚ್ಚಿಕೊಂಡೇ ಆಕೆ ತಂಡದ ದಾದಿಗೆ ಹಿಂದಿಯಲ್ಲಿ ಏನೋ ಹೇಳುತ್ತಿದ್ದಳು. ನೋವಿನಲ್ಲಿ ಬರುವ ಮಾತೂ ಬೇರೆಯಾಗಿಬಿಟ್ಟಿತೇ ಎಂದು ನಾನು ಬಾಗಿಲಲ್ಲೇ ನಿಂತೆ. ಇವರು ನನ್ನನ್ನು ದಾಟಿ ಹೋಗಿ, "ಮಾಯವ್ವಾ" ಎಂದರು.

ಆಕೆ ಕಣ್ಣು ತೆರೆದಳು. "ಅಪ್ಪಾ, ನನ್ನ ಸೈಕಲ್ ಎಲ್ಲೈತಿ?"

ತಂಡದ ಮೇಲ್ವಿಚಾರಕಿ ಒಳ್ಳೆಯ ಹೆಣ್ಣುಮಗಳು. ತಂಡ ಹಿಂತಿರುಗಲು ಇನ್ನೆರಡು ದಿನವಿದೆ, ಅಲ್ಲಿಯವರೆಗೆ ನೀವು ಆಕೆಯ ಹತ್ತಿರವೇ ಇರಬಹುದು ಎಂದರು. ಒಂದು ತಾಸು ಸಿಗಬೇಕಿದ್ದ ಮಗಳು ಎರಡು ದಿನ ಸಿಕ್ಕಳು.

ಕೈ ಎತ್ತಲಾಗದು, ಗದ್ದ ಆಡಿಸಲಾಗದು. ಫಾಂಗ್ ಮನೆಯಿಂದ ಸಾರು ತಂದರು. ನಾನು ಊರಿಂದ ತಂದ ಸಜ್ಜಿ ರೊಟ್ಟಿಯನ್ನು ಅದರಲ್ಲಿ ಮುರಿದು ನೆನೆಸಿ, ಚೂರು ಖಾರದ ಶೇಂಗಾ ಹಿಂಡಿ ಕಲಸಿ, ತುತ್ತು ಮಾಡಿ ಬಾಯಿಗಿಟ್ಟೆ. ಹಾಸ್ಟೆಲ್ಲಿಗೆ ಕಳಿಸಿದ ಮೇಲೆ ಆಕೆಗೆ ಕೈತುತ್ತು ಕೊಟ್ಟದ್ದು ಅದೇ ಮೊದಲು. ನೋವಿಗೋ ಖಾರಕ್ಕೋ ಆಕೆಯ ಕಣ್ಣಲ್ಲಿ ನೀರು. "ಇನ್ನೊಂದು" ಎಂದಳು.

ಹೆಲ್ಮೆಟ್ಟಿಗಾಗಿ ಕತ್ತರಿಸಿದ ಕೂದಲಿಗೆ ಎಣ್ಣೆ ಹಚ್ಚಿದೆ. ಕಾಲು ಒತ್ತಿದೆ. ಇವರು ಯಾವ ಕುರಿ ಈದಿದೆ, ಯಾರ ಬಾವಿಗೆ ನೀರು ಬಿತ್ತು, ಘೋಡಗೇರಿಯ ಅತ್ತೆ ಯಾರ ಮೇಲೆ ಮುನಿಸಿಕೊಂಡಿದ್ದಾಳೆ ಎಂದೆಲ್ಲ ಹೇಳುತ್ತಿದ್ದರೆ, ಆಕೆ ಸಣ್ಣ ಮಗುವಿನಂತೆ ಆಮೇಲೆ, ಆಮೇಲೆ ಎಂದು ಕೇಳುತ್ತಿದ್ದಳು. ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದಳು. ಕೈ ಜೋಮು ಹಿಡಿಯಿತು, ತೆಗೆಯಲಿಲ್ಲ. ಆಗ ನನಗಾದದ್ದು ಸುಖ. ಎಲುಬು ಮುರಿದುಕೊಂಡು ಮಲಗಿದ ಮಗಳ ಪಕ್ಕದಲ್ಲಿ ಕೂತು ಇಷ್ಟು ಸುಖಪಡುವ ತಾಯಿ ಎಂಥವಳು ಎಂದು ನನಗೇ ಭಯವಾಯಿತು. ಆದರೂ ಸುಖವೇ.

ಮರುದಿನ ಮಧ್ಯಾಹ್ನ ವೈದ್ಯರು ಬಂದು ಹೋದ ಮೇಲೆ ಇವರು ಹಾಸಿಗೆಯ ಅಂಚಿಗೆ ಬಂದು ಕೂತರು. ಗಂಟಲು ಸರಿಮಾಡಿಕೊಂಡರು. ಈಗ ಹೇಳುತ್ತಾರೆ ಎಂದು ನಾನು ಕಿಟಕಿಯತ್ತ ತಿರುಗಿದೆ. ಹೇಳಲಿ ಎಂದೇ ಬಯಸಿದೆ. ಇಂಥ ಸ್ಥಿತಿಯಲ್ಲಿ ಕರೆದರೆ ಬಂದಾಳು.

ಮಗಳೇ ಮೊದಲು ಮಾತಾಡಿದಳು. "ಅಪ್ಪಾ, ಖರೆ ಹೇಳ. ನಾ ಮತ್ತ ಓಡಸ್ತೇನಿಲ್ಲೋ?"

ಆ ದನಿಯಲ್ಲಿದ್ದ ಹೆದರಿಕೆಯನ್ನು ಫೋನಿನಲ್ಲಿ ಆಕೆ ಎಂದೂ ನಮಗೆ ಕೇಳಿಸಿದವಳಲ್ಲ. ಇವರು ತಮ್ಮ ಒರಟು ಅಂಗೈಯನ್ನು ಆಕೆಯ ಹಣೆಯ ಮೇಲಿಟ್ಟರು.

"ಓಡಸ್ತಿ ಯವ್ವಾ. ಯಾಕ ಓಡಸೂದಿಲ್ಲ? ಎಲಬು ಕೂಡತೈತಿ. ಕುರಿಮರಿ ಕಾಲು ಮುರದ್ರನೂ ಕೂಡತೈತಿ, ನಿಂದು ಕೂಡೂದಿಲ್ಲೇನು?"

"ನೀ ಸಿಟ್ಟಾಗಿಲ್ಲಲ್ಲ, ಮನಿಗೆ ಬರೂದಿಲ್ಲಂತ?"

"ಸಿಟ್ಟ್ಯಾಕವ್ವಾ" ಎಂದವರು ಎದ್ದು ಹೊರಗೆ ಹೋದರು. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದರು. ಪಟಗಾ ಬಿಚ್ಚಿ ಮಡಿಲಲ್ಲಿತ್ತು, ಅದರ ಚುಂಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ಕೂತೆ.

"ಕರಿಯಾಕ ಬಂದಿದ್ರಿ" ಎಂದೆ.

"ಹೂಂ. ಕರದಿದ್ರ ಬರ್ತಿದ್ಲು. ಅದಕ್ಕ ಕರೀಲಿಲ್ಲ."

ತಿರುಗಿ ಬಂದದ್ದು

ಮಾಯವ್ವನನ್ನು ತಂಡದ ಬಸ್ಸು ಕರೆದುಕೊಂಡು ಹೋಯಿತು. ಶಸ್ತ್ರಚಿಕಿತ್ಸೆ ಅವರ ಶಿಬಿರದ ಊರಿನಲ್ಲಿ. ನಮ್ಮ ವಿಮಾನ ಬೇರೆ, ದಿನ ಬೇರೆ. ಉಳಿದ ದಿನ ಫಾಂಗ್ ನಮ್ಮನ್ನು ದೋಣಿಯಲ್ಲಿ ಒಂದು ದ್ವೀಪಕ್ಕೆ ಕರೆದೊಯ್ದರು. ಚೆಂದವಿತ್ತು. ಬೀಳ್ಕೊಡುವಾಗ ಮುದುಕಿ ತನ್ನ ತೋಳಿನಲ್ಲಿದ್ದ ಉಣ್ಣೆಯ ಕೈಚೀಲವನ್ನು ತೆಗೆದು ನನ್ನ ತೋಳಿಗೆ ತಗುಲಿಸಿದಳು. ಫಾಂಗ್ ಏನೋ ಹೇಳಲು ಯಂತ್ರ ತೆಗೆದು, ಹೇಳದೆ ಮತ್ತೆ ಜೇಬಿಗಿಟ್ಟು, ನನ್ನನ್ನು ತಬ್ಬಿಕೊಂಡರು.

ಊರಿಗೆ ಬಂದ ಮರುದಿನ ಶಾಲೆಗೆ ಹೋದೆ. ಒಂಬತ್ತನೆಯ ಇಯತ್ತೆಯ ಮಕ್ಕಳು ಪುಸ್ತಕ ತೆಗೆಯಲೊಲ್ಲರು.

"ಅಕ್ಕೋರ, ಚೀನಾದಾಗ ಏನೇನ್ ನೋಡಿದ್ರಿ? ಹೇಳ್ರಿ!"

ಹೇಳಲು ಬಹಳವಿತ್ತು. ಗುಡ್ಡದ ಹೊಟ್ಟೆಯೊಳಗೆ ಓಡುವ ರೈಲು, ಸಾವಿರ ದ್ವೀಪ, ಸಿಹಿ ವಾಸನೆಯ ಬೀದಿ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆದರೆ ಬಂದದ್ದು ಒಂದೇ ಮಾತು:

"ನನ್ನ ಮಗಳನ್ನ ನೋಡಿ ಬಂದೆ."

ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಆಕಿ ಮನಿಗೆ ಯಾವಾಗ ಬರ್ತಾಳ್ರಿ, ಅಕ್ಕೋರ?"

ನಾನು ಬೋರ್ಡಿನ ಕಡೆ ತಿರುಗಿ ಪಾಠದ ಹೆಸರು ಬರೆದೆ.